ನಲವತ್ತರ ಆಸುಪಾಸಿನಲ್ಲಿ ತೂಕ ಇಳಿಸುವುದು: ವಾಕಿಂಗ್, ಜಿಮ್, ಉಪವಾಸ, ಇಂಜೆಕ್ಷನ್, ಯಾವುದು ಯಾರಿಗೆ?

ನಲವತ್ತು ಹತ್ತಿರ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ದಿನಾ ವಾಕಿಂಗ್ ಮಾಡಿದರೆ ಸಾಕಾ, ಜಿಮ್ಮಿಗೆ ಸೇರಬೇಕಾ? ರಾತ್ರಿ ಊಟ ಬಿಟ್ಟರೆ ಆಗುತ್ತಾ? ಈಗ ಇಂಜೆಕ್ಷನ್ ಬಂದಿದೆಯಂತೆ, ಅದು ಹೇಗೆ? ಪ್ರತಿಯೊಂದಕ್ಕೂ ಗಟ್ಟಿಯಾಗಿ ಹೌದು ಎನ್ನುವವರಿದ್ದಾರೆ, ಅಷ್ಟೇ ಗಟ್ಟಿಯಾಗಿ ಬೇಡ ಎನ್ನುವವರೂ ಇದ್ದಾರೆ. ನಡುವೆ ಸಿಕ್ಕಿಕೊಂಡವರು ಏನನ್ನೂ ಶುರು ಮಾಡದೆ ಇನ್ನೊಂದು ವರ್ಷ ಕಳೆದುಬಿಡುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಇರುವುದು ಒಂದು ಆಯ್ಕೆಯಲ್ಲ, ಎರಡು. ಊಟದ್ದು ಒಂದು, ವ್ಯಾಯಾಮದ್ದು ಇನ್ನೊಂದು. ತೂಕ ಇಳಿಸುವ ಕೆಲಸವನ್ನು ಬಹುಪಾಲು ಊಟವೇ ಮಾಡುತ್ತದೆ. ಇಳಿದ ತೂಕದಲ್ಲಿ ಕೊಬ್ಬು ಎಷ್ಟು, ಸ್ನಾಯು ಎಷ್ಟು ಎನ್ನುವುದು ವ್ಯಾಯಾಮದ ಮೇಲೆ ನಿಂತಿದೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ "ವಾಕಿಂಗ್ ಒಳ್ಳೆಯದಾ, ಡಯಟ್ ಒಳ್ಳೆಯದಾ" ಎಂದು ಕೇಳಿದರೆ ಉತ್ತರ ಯಾವತ್ತೂ ಸಿಗುವುದಿಲ್ಲ.

ಈ ವಯಸ್ಸಿನಲ್ಲಿ ನಿಜವಾಗಿ ಏನು ಬದಲಾಗುತ್ತದೆ

"ನಲವತ್ತಾದ ಮೇಲೆ ಮೆಟಬಾಲಿಸಂ ನಿಧಾನ ಆಗುತ್ತೆ, ಅದಕ್ಕೇ ದಪ್ಪ ಆಗೋದು" ಎನ್ನುವ ಮಾತನ್ನು ಎಲ್ಲರೂ ಕೇಳಿರುತ್ತೀರಿ. 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಬೇರೆಯದನ್ನೇ ಹೇಳಿತು. 29 ದೇಶಗಳ 6,400ಕ್ಕೂ ಹೆಚ್ಚು ಜನರ ಲೆಕ್ಕ ಅದರಲ್ಲಿತ್ತು. ದೇಹದ ಗಾತ್ರವನ್ನೂ ಸ್ನಾಯುವಿನ ಪ್ರಮಾಣವನ್ನೂ ಸರಿದೂಗಿಸಿ ನೋಡಿದರೆ, 20ರಿಂದ 60 ವರ್ಷದವರೆಗೆ ದೇಹ ಶಕ್ತಿ ಖರ್ಚು ಮಾಡುವ ವೇಗ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಇಳಿಕೆ ಶುರುವಾಗುವುದು 60ರ ನಂತರ. ಆಗಲೂ ವರ್ಷಕ್ಕೆ ಸುಮಾರು ಶೇ 0.7 ಅಷ್ಟೇ.

ಹಾಗಾದರೆ ಹೊಟ್ಟೆ ಬರುವುದು ಯಾಕೆ? ಸ್ನಾಯು ಕರಗುವುದು ಒಂದು ಕಾರಣ. 30 ದಾಟಿದ ಮೇಲೆ, ಮೈಗೆ ಕೆಲಸ ಕೊಡದಿದ್ದರೆ, ಹತ್ತು ವರ್ಷಕ್ಕೆ ಸ್ನಾಯು ಶೇ 3ರಿಂದ 8ರಷ್ಟು ಕಡಿಮೆಯಾಗುತ್ತದೆ ಎಂಬ ಅಂದಾಜಿದೆ. ಕೂತು ಮಾಡುವ ಕೆಲಸ ಜಾಸ್ತಿಯಾಗುತ್ತದೆ. ಮಕ್ಕಳು, ವಯಸ್ಸಾದ ತಂದೆ ತಾಯಿ, ಕಚೇರಿಯ ಹೊಣೆ ಎಲ್ಲ ಸೇರಿ ನಿದ್ದೆ ಕೆಡುತ್ತದೆ. ಊಟ ಮಾತ್ರ ಇಪ್ಪತ್ತೈದರಲ್ಲಿ ಇದ್ದಷ್ಟೇ ಇರುತ್ತದೆ. ಹೆಂಗಸರಲ್ಲಿ ಸಾಮಾನ್ಯವಾಗಿ 45ರಿಂದ 55ರ ನಡುವೆ ಮುಟ್ಟು ನಿಲ್ಲುತ್ತದೆ. ಆಗ ಈಸ್ಟ್ರೋಜನ್ ಕಡಿಮೆಯಾಗಿ, ತೊಡೆ ಮತ್ತು ಸೊಂಟದಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಯ ಕಡೆಗೆ ಸರಿಯುತ್ತದೆ. ಮೂಳೆಯೂ ಬೇಗ ಸವೆಯತೊಡಗುತ್ತದೆ.

ಇದರಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಸ್ನಾಯು, ಓಡಾಟ, ನಿದ್ದೆ, ಊಟ ಈ ನಾಲ್ಕೂ ನಮ್ಮ ಕೈಯಲ್ಲಿ ಇರುವಂಥವು. ಪೂರ್ತಿ ಅಲ್ಲದಿದ್ದರೂ ಬಹುಮಟ್ಟಿಗೆ.

ಯಾವುದನ್ನು ನೋಡಿ ಆರಿಸಬೇಕು

ಒಂದು ದಾರಿಯನ್ನು ಇನ್ನೊಂದರ ಜೊತೆ ಹೋಲಿಸುವಾಗ ನಾನು ಮೊದಲು ನೋಡುವುದು ಅದು ಸ್ನಾಯುವನ್ನು ಉಳಿಸುತ್ತದೆಯೇ ಎಂದು. ತೂಕದ ಯಂತ್ರದ ಮೇಲೆ ಎಂಟು ಕಿಲೋ ಕಡಿಮೆ ಕಂಡು, ಅದರಲ್ಲಿ ಮೂರು ಕಿಲೋ ಸ್ನಾಯುವೇ ಆಗಿದ್ದರೆ ಅದು ನಷ್ಟ. ಕಳೆದ ತೂಕ ವಾಪಸ್ ಬರುವಾಗ ಮುಖ್ಯವಾಗಿ ಕೊಬ್ಬಾಗಿ ಬರುತ್ತದೆ, ಸ್ನಾಯು ತಾನಾಗಿ ಪೂರ್ತಿ ಮರಳುವುದಿಲ್ಲ. ಇಪ್ಪತ್ತರ ಹರೆಯದವರು ಈ ನಷ್ಟವನ್ನು ತಡೆದುಕೊಳ್ಳಬಹುದು. ನಮಗೆ ಅದು ದುಬಾರಿ.

ಎರಡನೆಯದು, ಮುಂದಿನ ವರ್ಷವೂ ಇದನ್ನು ಮಾಡುತ್ತಿರುತ್ತೀರಾ? ಮೂರು ತಿಂಗಳಿಗೆ ಬಿಟ್ಟುಬಿಡುವ ಅತ್ಯುತ್ತಮ ಕ್ರಮಕ್ಕಿಂತ ಮೂರು ವರ್ಷ ನಡೆಯುವ ಸಾಧಾರಣ ಕ್ರಮವೇ ಮೇಲು. ಆಮೇಲೆ ನಿಮ್ಮ ಕೀಲು, ಹೃದಯ, ಮೂಳೆಗೆ ಅದು ಹೊಂದುತ್ತದೆಯೇ, ವಾರಕ್ಕೆ ಎಷ್ಟು ಹೊತ್ತು ಕೇಳುತ್ತದೆ, ಎಷ್ಟು ಖರ್ಚು ಎಂಬುದನ್ನು ನೋಡಬೇಕು. ಖರ್ಚನ್ನು ಕೊನೆಗೆ ಇಟ್ಟಿದ್ದಕ್ಕೆ ಕಾರಣ ಇದೆ. ಇಲ್ಲಿ ನಿಜವಾಗಿ ಕೆಲಸ ಮಾಡುವ ಹೆಚ್ಚಿನವು ಅಗ್ಗದವೇ.

ಗುರಿಯನ್ನೂ ಮೊದಲೇ ಸರಿಪಡಿಸಿಕೊಳ್ಳಿ. ಮದುವೆಯ ಫೋಟೋದಲ್ಲಿದ್ದ ತೂಕಕ್ಕೆ ಮರಳಬೇಕಿಲ್ಲ. ಹೆಚ್ಚು ತೂಕ ಇರುವವರು ಈಗಿರುವುದರಲ್ಲಿ ಶೇ 5ರಿಂದ 10ರಷ್ಟು ಇಳಿಸಿದರೂ ಬಿಪಿ, ಶುಗರ್, ರಕ್ತದ ಕೊಬ್ಬಿನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಬರುತ್ತದೆ. 80 ಕಿಲೋ ಇದ್ದವರಿಗೆ ಅದು 4ರಿಂದ 8 ಕಿಲೋ. ಇನ್ನೊಂದು ಸುಲಭದ ಅಳತೆ ಸೊಂಟದ ಸುತ್ತಳತೆ. ಅದು ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 170 ಸೆಂ.ಮೀ. ಎತ್ತರದವರಿಗೆ 85 ಸೆಂ.ಮೀ. ಒಳಗೆ. ಒಂದು ಟೇಪು ಸಾಕು.

ವಾಕಿಂಗ್

ಖರ್ಚಿಲ್ಲ, ಕಲಿಯಬೇಕಿಲ್ಲ, ಮಂಡಿಗೆ ಅಷ್ಟೊಂದು ಹೊರೆ ಇಲ್ಲ. ಇದನ್ನು ಬಿಟ್ಟುಬಿಡುವವರೂ ಕಡಿಮೆ. ಹೃದಯಕ್ಕೆ, ಶುಗರಿಗೆ, ಮನಸ್ಸಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ಆದರೆ ಇದೊಂದರಿಂದಲೇ ತೂಕ ಇಳಿಯುತ್ತದೆ ಎಂದುಕೊಂಡರೆ ನಿರಾಸೆ ಖಂಡಿತ.

ಲೆಕ್ಕ ಹಾಕಿ ನೋಡಿ. 75 ಕಿಲೋ ತೂಕದವರು ಗಂಟೆಗೆ 5 ಕಿ.ಮೀ. ವೇಗದಲ್ಲಿ ಅರ್ಧ ಗಂಟೆ ನಡೆದರೆ ಸುಮಾರು 130 ಕ್ಯಾಲೊರಿ ಖರ್ಚಾಗುತ್ತದೆ. ಸುಮ್ನೆ ಕೂತಿದ್ದರೂ ಅದರಲ್ಲಿ ಒಂದು ಪಾಲು ಖರ್ಚಾಗುತ್ತಿತ್ತು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ವಾಕಿಂಗ್ ಮುಗಿಸಿ ಬಂದು ನಾಲ್ಕು ಬಿಸ್ಕತ್ತು ತಿಂದರೆ ಲೆಕ್ಕ ಅಲ್ಲಿಗೇ ಚುಕ್ತಾ. ಕೈಗಡಿಯಾರ ತೋರಿಸುವ ಕ್ಯಾಲೊರಿ ಅಂಕಿಯನ್ನೂ ನಂಬಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದರು. ಹೃದಯ ಬಡಿತವನ್ನು ಹೆಚ್ಚಿನವು ಸರಿಯಾಗಿಯೇ ಅಳೆದವು. ಕ್ಯಾಲೊರಿ ಲೆಕ್ಕದಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾಗಿದ್ದ ಸಾಧನವೂ ಸರಾಸರಿ ಶೇ 27ರಷ್ಟು ತಪ್ಪಿತ್ತು.

ದಿನಕ್ಕೆ 10,000 ಹೆಜ್ಜೆ ಆಗಲೇಬೇಕು ಎಂಬ ಹಟವೂ ಬೇಡ. ಆ ಸಂಖ್ಯೆ ಹುಟ್ಟಿದ್ದು 1960ರ ದಶಕದ ಜಪಾನಿನಲ್ಲಿ, ಹೆಜ್ಜೆ ಎಣಿಸುವ ಯಂತ್ರವೊಂದರ ಮಾರಾಟದಲ್ಲಿ. ಈಗ 3,000 ಹೆಜ್ಜೆ ನಡೆಯುವವರು 6,000ಕ್ಕೆ ಬಂದರೆ ಅದೇ ದೊಡ್ಡ ಲಾಭ. ವೇಗ ಸಾಕಾಗಿದೆಯೇ ಎಂದು ತಿಳಿಯಲು ಒಂದು ಉಪಾಯ ಇದೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು.

ವಾಕಿಂಗ್‌ನ ದೊಡ್ಡ ಕೊರತೆ ಸ್ನಾಯು. ಕಾಲಿಗೆ ಸ್ವಲ್ಪ ಕೆಲಸ ಸಿಗುತ್ತದೆ, ತೋಳು, ಬೆನ್ನು, ಎದೆಗೆ ಏನೂ ಸಿಗುವುದಿಲ್ಲ. ಹಾಗಾಗಿ ನನ್ನ ದೃಷ್ಟಿಯಲ್ಲಿ ಇದು ಎಲ್ಲರೂ ಹಾಕಬೇಕಾದ ತಳಪಾಯ. ಇದರ ಮೇಲೆ ಇನ್ನೊಂದು ಬೇಕೇ ಬೇಕು.

ಜಾಗಿಂಗ್, ಸೈಕಲ್, ಈಜು

ಸಮಯ ಕಡಿಮೆ ಇರುವವರಿಗೆ ಓಟ ಲಾಭದ್ದು. ಅದೇ 75 ಕಿಲೋದವರು ಗಂಟೆಗೆ 8 ಕಿ.ಮೀ. ವೇಗದಲ್ಲಿ ಅರ್ಧ ಗಂಟೆ ಓಡಿದರೆ 300 ಕ್ಯಾಲೊರಿ ದಾಟುತ್ತದೆ. ಓಡಿದರೆ ಮಂಡಿ ಸವೆಯುತ್ತದೆ ಎಂಬ ಭಯ ಬಹಳ ಜನರಿಗಿದೆ. ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಸವೆತ ಹೆಚ್ಚು ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ತೊಂದರೆ ಬರುವುದು ಬೇರೆ ಕಡೆಯಿಂದ. ಹದಿನೈದು ವರ್ಷ ಓಡದವರು ಒಂದು ದಿನ ಶೂ ಹಾಕಿಕೊಂಡು ನೇರವಾಗಿ ಮೂರು ಕಿ.ಮೀ. ಓಡುತ್ತಾರೆ. ಉಸಿರು ಕೆಲವೇ ವಾರದಲ್ಲಿ ಹೊಂದಿಕೊಳ್ಳುತ್ತದೆ. ಹಿಮ್ಮಡಿಯ ಸ್ನಾಯುರಜ್ಜು (ಟೆಂಡನ್), ಮೂಳೆ, ಕೀಲಿನ ಸುತ್ತಲಿನ ಕಟ್ಟುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಈ ಅಂತರದಲ್ಲೇ ಗಾಯ ಆಗುವುದು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಶುರು ಮಾಡಿ ಎರಡು ಮೂರು ತಿಂಗಳಲ್ಲಿ ಪೂರ್ತಿ ಓಟಕ್ಕೆ ಬನ್ನಿ. ತೂಕ ತುಂಬಾ ಜಾಸ್ತಿ ಇದ್ದರೆ, ಅಥವಾ ಮಂಡಿ ಈಗಾಗಲೇ ನೋಯುತ್ತಿದ್ದರೆ, ಸದ್ಯಕ್ಕೆ ಓಟ ಬೇಡ.

ಅಂಥವರಿಗೆ ಸೈಕಲ್ ಮತ್ತು ಈಜು ಇವೆ. ಕೀಲಿಗೆ ಪೆಟ್ಟಿಲ್ಲದೆ ಹೃದಯಕ್ಕೆ ಒಳ್ಳೆಯ ಕೆಲಸ ಸಿಗುತ್ತದೆ. ಆದರೆ ಎರಡರಲ್ಲೂ ದೇಹದ ಭಾರವನ್ನು ಮೂಳೆ ಹೊರುವುದಿಲ್ಲ. ಹಾಗಾಗಿ ಮೂಳೆ ಗಟ್ಟಿಯಾಗಲು ಇವು ಅಷ್ಟಾಗಿ ನೆರವಾಗುವುದಿಲ್ಲ. ಮುಟ್ಟು ನಿಲ್ಲುವ ವಯಸ್ಸಿನವರು ಬರೀ ಈಜನ್ನೇ ನೆಚ್ಚಿಕೊಳ್ಳಬಾರದು. ಇನ್ನು ಕೊಳದವರೆಗೆ ಹೋಗಿಬರುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಮುಕ್ಕಾಲು ಗಂಟೆಯ ಈಜಿಗೆ ಎರಡು ಗಂಟೆ ಹೋದರೆ ಅದು ಎಷ್ಟು ವಾರ ನಡೆದೀತು?

ಹೆಚ್ಐಐಟಿ ಎಂಬ, ಚುಟುಕಾಗಿ ಜೋರಾಗಿ ಮಾಡಿ ನಡುನಡುವೆ ದಣಿವಾರಿಸಿಕೊಳ್ಳುವ ವ್ಯಾಯಾಮದ ಬಗ್ಗೆಯೂ ಕೇಳುತ್ತಾರೆ. ಕೊಬ್ಬು ಕರಗಿಸುವಲ್ಲಿ ಅದು ಮಾಮೂಲಿ ವ್ಯಾಯಾಮಕ್ಕಿಂತ ವಿಶೇಷ ಏನಲ್ಲ. ಅದರ ಲಾಭ ಸಮಯದ ಉಳಿತಾಯ. ಕೆಲವು ತಿಂಗಳ ಅಭ್ಯಾಸ ಆದವರು ಮಾಡಬಹುದು. ಮೊದಲ ದಿನವೇ ಇದರಿಂದ ಶುರು ಮಾಡುವುದು ಸರಿಯಲ್ಲ.

ಭಾರ ಎತ್ತುವ ವ್ಯಾಯಾಮ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಈ ವಯಸ್ಸಿನ ಬಹುಪಾಲು ಜನ ಬಿಟ್ಟುಬಿಡುವುದು ಇದನ್ನೇ. "ಅದೆಲ್ಲ ಹುಡುಗರಿಗೆ" ಎಂದುಕೊಳ್ಳುತ್ತಾರೆ. ಹೆಂಗಸರು ಮೈ ಗಡುಸಾಗುತ್ತದೆ ಎಂದು ಹೆದರುತ್ತಾರೆ. ವಾರಕ್ಕೆರಡು ದಿನ ಡಂಬೆಲ್ ಎತ್ತಿದರೆ ಯಾರ ಮೈಯೂ ಪೈಲ್ವಾನರ ಹಾಗೆ ಆಗುವುದಿಲ್ಲ. ಅದಕ್ಕೆ ವರ್ಷಗಟ್ಟಲೆ ಪಟ್ಟು ಹಿಡಿದ ಸಾಧನೆ, ಅದಕ್ಕೆ ತಕ್ಕ ಊಟ ಬೇಕು.

ಊಟ ಕಡಿಮೆ ಮಾಡಿದಾಗ ದೇಹ ಕೊರತೆಯನ್ನು ಕೊಬ್ಬಿನಿಂದಲೂ ತುಂಬಿಕೊಳ್ಳುತ್ತದೆ, ಸ್ನಾಯುವಿನಿಂದಲೂ ತುಂಬಿಕೊಳ್ಳುತ್ತದೆ. ಸ್ನಾಯುವಿಗೆ ನಿಯಮಿತವಾಗಿ ಭಾರದ ಕೆಲಸ ಕೊಟ್ಟರೆ "ಇದು ಬಳಕೆಯಲ್ಲಿದೆ, ಉಳಿಸಿಕೊಳ್ಳಬೇಕು" ಎಂಬ ಸೂಚನೆ ದೇಹಕ್ಕೆ ಸಿಗುತ್ತದೆ. ಈ ಕೆಲಸವನ್ನು ವಾಕಿಂಗ್ ಆಗಲಿ ಈಜಾಗಲಿ ಇಷ್ಟು ಚೆನ್ನಾಗಿ ಮಾಡುವುದಿಲ್ಲ. ಮೂಳೆಗೂ ಇದು ಬಲ ಕೊಡುತ್ತದೆ. ರಕ್ತದಲ್ಲಿರುವ ಸಕ್ಕರೆಯನ್ನು ಎಲ್ಲಕ್ಕಿಂತ ಹೆಚ್ಚು ಹೀರಿಕೊಳ್ಳುವ ಅಂಗ ಸ್ನಾಯುವೇ ಆದ್ದರಿಂದ ಶುಗರ್ ಹತೋಟಿಗೂ ನೆರವು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ವ್ಯಾಯಾಮ, ಇಲ್ಲವೇ 75ರಿಂದ 150 ನಿಮಿಷ ಜೋರಾದ ವ್ಯಾಯಾಮ ಎಂದಿದೆ. ಅಲ್ಲಿಗೆ ಮುಗಿಯುವುದಿಲ್ಲ. ಅದರ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ದೊಡ್ಡ ಸ್ನಾಯುಗಳಿಗೆಲ್ಲ ಬಲ ಕೊಡುವ ವ್ಯಾಯಾಮ ಎಂದೂ ಇದೆ. ಮೊದಲ ಅರ್ಧ ಎಲ್ಲರಿಗೂ ನೆನಪಿರುತ್ತದೆ. ಎರಡನೇ ಅರ್ಧವನ್ನು ಯಾರೂ ಹೇಳುವುದೇ ಇಲ್ಲ.

ಎಲ್ಲಿ ಮಾಡಬೇಕು ಎಂಬುದು ಮುಂದಿನ ಪ್ರಶ್ನೆ. ಮನೆಯಲ್ಲಿ ಖರ್ಚಿಲ್ಲದೆ ಶುರು ಮಾಡಬಹುದು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ಪುಶ್-ಅಪ್, ಮೆಟ್ಟಿಲು ಹತ್ತುವುದು, ರೆಸಿಸ್ಟೆನ್ಸ್ ಬ್ಯಾಂಡ್ ಎಂಬ ರಬ್ಬರ್ ಪಟ್ಟಿ ಎಳೆಯುವುದು, ಇಷ್ಟು ಸಾಕು. ಮೊದಲ ಮೂರು ತಿಂಗಳಿಗೆ ಇದರಲ್ಲಿ ಏನೂ ಕೊರತೆ ಇಲ್ಲ. ಆಮೇಲೆ ಒಂದು ತೊಡಕು ಬರುತ್ತದೆ. ಸ್ನಾಯು ಬೆಳೆಯಬೇಕಾದರೆ ಭಾರ ಮೆಲ್ಲಗೆ ಏರುತ್ತಾ ಹೋಗಬೇಕು. ಮನೆಯಲ್ಲಿ, ವಿಶೇಷವಾಗಿ ಬೆನ್ನಿನ ಮತ್ತು ಕಾಲಿನ ವ್ಯಾಯಾಮದಲ್ಲಿ, ಭಾರ ಏರಿಸುವುದು ಕಷ್ಟ. ಬೇರೆ ಬೇರೆ ತೂಕಕ್ಕೆ ಹೊಂದಿಸಬಹುದಾದ ಒಂದು ಜೊತೆ ಡಂಬೆಲ್ ಕೊಂಡರೆ ಇನ್ನೂ ಒಂದೆರಡು ವರ್ಷ ಸಾಗುತ್ತದೆ. ಒಮ್ಮೆ ಮಾಡುವ ಖರ್ಚು ಅದು.

ಜಿಮ್‌ನಲ್ಲಿ ಈ ತೊಡಕಿಲ್ಲ. ಯಂತ್ರಗಳು ಹೊಸಬರಿಗೆ ಸುರಕ್ಷಿತ. ಆದರೆ ತಿಂಗಳ ಶುಲ್ಕ ಇದೆ, ಹೋಗಿಬರುವ ಹೊತ್ತು ಇದೆ. ಇಡೀ ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದರೆ ಅಗ್ಗ ಎನ್ನುತ್ತಾರೆ. ಮೊದಲ ಸಲ ಹಾಗೆ ಮಾಡಬೇಡಿ. ಒಂದು ತಿಂಗಳು ಕಟ್ಟಿ, ವಾರಕ್ಕೆ ಎರಡು ದಿನವಾದರೂ ಹೋಗುತ್ತೀರಾ ನೋಡಿ, ಆಮೇಲೆ ಯೋಚಿಸಿ. ಮನೆಯಿಂದ ಅಥವಾ ಕಚೇರಿಯಿಂದ ಹತ್ತು ನಿಮಿಷದ ದಾರಿಯಲ್ಲಿರುವ ಸಾಧಾರಣ ಜಿಮ್, ಊರಾಚೆ ಇರುವ ಭರ್ಜರಿ ಜಿಮ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ತರಬೇತುದಾರರಿಗೆ ಹಣ ಕೊಡಬೇಕಾ? ನನ್ನ ಪ್ರಕಾರ ಮೊದಲ ಒಂದೆರಡು ತಿಂಗಳಿಗೆ ಕೊಟ್ಟ ಹಣ ವ್ಯರ್ಥವಾಗುವುದಿಲ್ಲ. ಸ್ಕ್ವಾಟ್ ಮಾಡುವಾಗ ಬೆನ್ನು ಹೇಗಿರಬೇಕು, ನೆಲದಿಂದ ಭಾರ ಎತ್ತುವಾಗ ಸೊಂಟ ಹೇಗೆ ಬಾಗಬೇಕು ಎಂಬುದನ್ನು ಪಕ್ಕದಲ್ಲಿ ನಿಂತು ತಿದ್ದುವವರು ಇದ್ದರೆ ಗಾಯ ತಪ್ಪುತ್ತದೆ. ಕಲಿತ ಮೇಲೆ ನಿಲ್ಲಿಸಬಹುದು. ಸೇರಿದ ದಿನವೇ ಪ್ರೋಟೀನ್ ಡಬ್ಬಿ, ಕೊಬ್ಬು ಕರಗಿಸುವ ಮಾತ್ರೆ ಮಾರಲು ಬರುವವರಿಂದ ಮಾತ್ರ ದೂರ ಇರಿ.

ಎಷ್ಟು ಮಾಡಬೇಕು? ವಾರಕ್ಕೆ ಎರಡು ಸಲ, ಒಮ್ಮೆಗೆ 40 ನಿಮಿಷ. ಕಾಲು, ಎದೆ, ಬೆನ್ನು, ಭುಜ, ಹೊಟ್ಟೆ ಎಲ್ಲಕ್ಕೂ ಒಂದೊಂದು ವ್ಯಾಯಾಮ. 8ರಿಂದ 12 ಸಲ ಎತ್ತುವಷ್ಟರಲ್ಲಿ ಇನ್ನೆರಡು ಮೂರು ಮಾತ್ರ ಆಗಬಹುದು ಅನ್ನಿಸುವಂಥ ಭಾರ. ಮೊದಲ ವಾರ ಮೈಕೈ ನೋವು ಬರುತ್ತದೆ. ಮಾಡಿದ ಮಾರನೇ ದಿನದಿಂದ ಮೂರನೇ ದಿನದವರೆಗೆ ಅದು ಜೋರಾಗಿರುತ್ತದೆ, ತಾನಾಗಿ ಹೋಗುತ್ತದೆ. ಕೀಲಿನ ಒಳಗೆ ಚುಚ್ಚುವ ನೋವು ಬೇರೆ. ಅದು ಬಂದರೆ ನಿಲ್ಲಿಸಬೇಕು.

ಯೋಗದ ಬಗ್ಗೆ ಒಂದು ಮಾತು. ಬೆನ್ನುನೋವಿಗೆ, ನಿದ್ದೆಗೆ, ಒತ್ತಡಕ್ಕೆ, ಮೈ ಬಾಗುವುದಕ್ಕೆ ಇದು ಬಹಳ ಒಳ್ಳೆಯದು. ನಿಧಾನದ ಆಸನಗಳಿಂದ ಖರ್ಚಾಗುವ ಕ್ಯಾಲೊರಿ ಮಾತ್ರ ಕಡಿಮೆ, ಭಾರ ಏರಿಸುತ್ತಾ ಹೋಗುವ ದಾರಿಯೂ ಅದರಲ್ಲಿ ಸೀಮಿತ. ಇಷ್ಟಪಟ್ಟು ಮಾಡುತ್ತಿದ್ದರೆ ಮುಂದುವರಿಸಿ, ವಾರಕ್ಕೆರಡು ದಿನ ಭಾರದ ವ್ಯಾಯಾಮ ಸೇರಿಸಿಕೊಳ್ಳಿ.

ಊಟದ ದಾರಿಗಳು

ಇಲ್ಲಿ ಜಗಳಗಳು ಜಾಸ್ತಿ, ವ್ಯತ್ಯಾಸಗಳು ಕಡಿಮೆ. 2018ರಲ್ಲಿ 609 ಜನರ ಮೇಲೆ ಒಂದು ವರ್ಷದ ಪರೀಕ್ಷೆಯ ಫಲ ಬಂತು. ಅರ್ಧ ಜನ ಕೊಬ್ಬು ಕಡಿಮೆ ತಿಂದರು, ಅರ್ಧ ಜನ ಪಿಷ್ಟ ಮತ್ತು ಸಕ್ಕರೆ ಕಡಿಮೆ ತಿಂದರು. ಮೊದಲಿನವರು ಸರಾಸರಿ 5.3 ಕಿಲೋ ಇಳಿದರು, ಎರಡನೆಯವರು 6 ಕಿಲೋ. ಹೇಳಿಕೊಳ್ಳುವ ಅಂತರವಲ್ಲ. ಎರಡೂ ಗುಂಪಿನ ಒಳಗೆ ಮಾತ್ರ ಒಬ್ಬರಿಂದ ಒಬ್ಬರಿಗೆ ಭಾರೀ ವ್ಯತ್ಯಾಸ ಇತ್ತು. ಅಂದರೆ ನಿಮಗೆ ಯಾವುದನ್ನು ಬಿಟ್ಟಿರುವುದು ಸುಲಭವೋ ಅದೇ ನಿಮ್ಮ ದಾರಿ. ಶುಗರ್ ಜಾಸ್ತಿ ಇರುವವರಿಗೆ ಪಿಷ್ಟ ಕಡಿಮೆ ಮಾಡುವುದರಲ್ಲಿ ಇನ್ನೊಂದು ಲಾಭ ಇದೆ, ಊಟದ ನಂತರ ಸಕ್ಕರೆ ಏರುವುದು ತಗ್ಗುತ್ತದೆ. ಪಿಷ್ಟವನ್ನು ಬಹುತೇಕ ಬಿಟ್ಟೇಬಿಡುವ ಕೀಟೋದಂಥ ಕಟ್ಟುನಿಟ್ಟಿನ ಕ್ರಮದಲ್ಲಿ ಮೊದಲ ವಾರ ತೂಕ ಸರ್ರನೆ ಇಳಿಯುತ್ತದೆ. ಅದರಲ್ಲಿ ಹೆಚ್ಚಿನದು ನೀರು. ಅದನ್ನು ನೋಡಿ ಹಿಗ್ಗಬೇಡಿ, ವಾಪಸ್ ಬಂದಾಗ ಕುಗ್ಗಲೂಬೇಡಿ.

ದಿನದಲ್ಲಿ ಎಂಟು ಗಂಟೆಯ ಒಳಗೆ ಮಾತ್ರ ತಿನ್ನುವ ಉಪವಾಸದ ಕ್ರಮಕ್ಕೂ ಇದೇ ಕಥೆ. 2022ರ ಒಂದು ಪರೀಕ್ಷೆಯಲ್ಲಿ 139 ಜನರಿಗೆ ಒಂದೇ ಪ್ರಮಾಣದ ಕ್ಯಾಲೊರಿ ಕೊಟ್ಟು, ಒಂದು ಗುಂಪಿಗೆ ಹೊತ್ತಿನ ಕಟ್ಟು ಹಾಕಿದರು. ವರ್ಷದ ಕೊನೆಗೆ ಆ ಗುಂಪು 8 ಕಿಲೋ, ಇನ್ನೊಂದು ಗುಂಪು 6.3 ಕಿಲೋ ಇಳಿದಿತ್ತು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅದು ನಿಜವಾದ ವ್ಯತ್ಯಾಸ ಎನಿಸಲಿಲ್ಲ. ಉಪವಾಸಕ್ಕೆ ಮಾಂತ್ರಿಕ ಶಕ್ತಿ ಇಲ್ಲ. ಆದರೆ ಅದು ಸರಳ. ಕ್ಯಾಲೊರಿ ಎಣಿಸಲು ಬೇಸರ ಇರುವವರಿಗೆ, ರಾತ್ರಿ ಟಿವಿ ಮುಂದೆ ಕೈಗೆ ಸಿಕ್ಕಿದ್ದನ್ನು ತಿನ್ನುವವರಿಗೆ "ರಾತ್ರಿ ಎಂಟಾದ ಮೇಲೆ ಏನೂ ಇಲ್ಲ" ಎಂಬ ಒಂದೇ ನಿಯಮ ಪಾಲಿಸುವುದು ಸುಲಭ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು, ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಯಾವ ದಾರಿ ಹಿಡಿದರೂ ಎರಡು ವಿಷಯ ಬಿಡುವ ಹಾಗಿಲ್ಲ. ಒಂದು, ಪ್ರೋಟೀನ್. ತೂಕ ಇಳಿಸುತ್ತಾ ವ್ಯಾಯಾಮ ಮಾಡುವವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.6 ಗ್ರಾಂ ಬೇಕು. 70 ಕಿಲೋದವರಿಗೆ 84ರಿಂದ 112 ಗ್ರಾಂ. ಇದನ್ನು ಒಂದೇ ಊಟಕ್ಕೆ ತುಂಬದೆ ದಿನದ ಎಲ್ಲ ಊಟಗಳಿಗೆ ಹಂಚಿ. ಬೇಳೆಕಾಳು, ಹಾಲಿನ ಪದಾರ್ಥ, ಮೊಟ್ಟೆ, ಮೀನು, ಮಾಂಸ, ಸೋಯಾ, ಯಾವುದರಿಂದ ಬಂದರೂ ಸರಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ ಈ ಲೆಕ್ಕ ಅನ್ವಯಿಸುವುದಿಲ್ಲ. ಇನ್ನೊಂದು, ಪ್ಯಾಕೆಟ್ಟಿನ ತಿಂಡಿ. 2019ರಲ್ಲಿ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿ ನೋಡಿದ ಅಧ್ಯಯನ ಇದೆ. ಕಾರ್ಖಾನೆಯಲ್ಲಿ ಸಿದ್ಧವಾದ ಆಹಾರ ಇಟ್ಟಾಗ ಅವರು ಹೊಟ್ಟೆ ತುಂಬುವಷ್ಟರಲ್ಲಿ, ಮನೆಯಡುಗೆಯಂಥ ಆಹಾರ ಇಟ್ಟಾಗ ತಿಂದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ತಮಗೇ ಗೊತ್ತಾಗದೆ. ಎಷ್ಟು ತಿನ್ನುತ್ತೇನೆ ಎಂದು ಎಣಿಸುವುದಕ್ಕಿಂತ ಮನೆಗೆ ಏನು ತರುತ್ತೇನೆ ಎಂದು ನೋಡುವುದು ಸುಲಭ.

ವಾರಕ್ಕೆ ಅರ್ಧ ಕಿಲೋ ಇಳಿದರೆ ಒಳ್ಳೆಯ ವೇಗ. ಒಂದು ಕಿಲೋ ಮೇಲ್ಮಿತಿ. ತಿಂಗಳಿಗೆ ಹತ್ತು ಕಿಲೋ ಎಂದು ಭರವಸೆ ಕೊಡುವ ಜ್ಯೂಸ್ ಡಯಟ್, ಪುಡಿ, ಪ್ಯಾಕೇಜ್‌ಗಳನ್ನು ಈ ಹೋಲಿಕೆಗೆ ಸೇರಿಸಲೂ ಮನಸ್ಸಿಲ್ಲ. ಅವು ಕೊಬ್ಬಿನ ಜೊತೆ ಸ್ನಾಯುವನ್ನೂ ತಿನ್ನುತ್ತವೆ.

ನಿದ್ದೆಯನ್ನು ಊಟದ ಪಟ್ಟಿಗೇ ಸೇರಿಸುತ್ತೇನೆ. 2010ರ ಒಂದು ಚಿಕ್ಕ ಅಧ್ಯಯನದಲ್ಲಿ ಹತ್ತು ಜನರಿಗೆ ಒಂದೇ ಥರದ ಡಯಟ್ ಕೊಟ್ಟು, ಮಲಗುವ ಹೊತ್ತನ್ನು ಎಂಟೂವರೆ ಗಂಟೆಯಿಂದ ಐದೂವರೆಗೆ ಇಳಿಸಿದರು. ಇಳಿದ ತೂಕ ಹೆಚ್ಚುಕಮ್ಮಿ ಅಷ್ಟೇ ಇತ್ತು. ಆದರೆ ಅದರಲ್ಲಿ ಕೊಬ್ಬಿನ ಪಾಲು ಅರ್ಧಕ್ಕಿಂತ ಕೆಳಗೆ ಬಂತು, ಉಳಿದದ್ದೆಲ್ಲ ಸ್ನಾಯು ಮುಂತಾದವು. ಬೆಳಗ್ಗೆ ಐದಕ್ಕೆ ಎದ್ದು ಜಿಮ್ಮಿಗೆ ಹೋಗುವುದಕ್ಕಾಗಿ ನಿದ್ದೆ ಕಳೆದುಕೊಳ್ಳುವವರು ಇದನ್ನು ಗಮನಿಸಬೇಕು.

ಇಂಜೆಕ್ಷನ್

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ಔಷಧಗಳು ಕೆಲಸ ಮಾಡುತ್ತವೆ. ಇದನ್ನು ಒಪ್ಪಿಕೊಳ್ಳಲೇಬೇಕು. 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸೆಮಾಗ್ಲುಟೈಡ್ ತೆಗೆದುಕೊಂಡವರು 68 ವಾರದಲ್ಲಿ ಸರಾಸರಿ ಶೇ 14.9ರಷ್ಟು ತೂಕ ಕಳೆದುಕೊಂಡರು. ಬರೀ ಡಯಟ್ ಸಲಹೆ ಮತ್ತು ಸುಳ್ಳು ಔಷಧ ಪಡೆದವರಲ್ಲಿ ಅದು ಶೇ 2.4. ಹಸಿವು ತಗ್ಗುತ್ತದೆ, ತಿಂಡಿಯ ಯೋಚನೆಯೇ ತಲೆಯಿಂದ ದೂರವಾಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. ವರ್ಷಗಟ್ಟಲೆ ಹೆಣಗಿದವರು ಇದನ್ನು ಆರಿಸಿಕೊಂಡರೆ ಅದನ್ನು ಸೋಲು ಎನ್ನಬಾರದು.

ಆದರೆ ಬೆಲೆ ತೆರಬೇಕಾದ ಕಡೆಗಳೂ ಇವೆ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಖರ್ಚು ತಿಂಗಳು ತಿಂಗಳೂ ಬರುತ್ತದೆ. ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಸುಮಾರು ಮೂರನೇ ಎರಡು ಭಾಗ ವಾಪಸ್ ಬಂದದ್ದು ಅದೇ ಪರೀಕ್ಷೆಯ ಮುಂದುವರಿಕೆಯಲ್ಲಿ ಕಂಡಿತು. ಇಳಿಯುವ ತೂಕದಲ್ಲಿ ಸ್ನಾಯುವಿನ ಪಾಲೂ ಇರುತ್ತದೆ. ಹಾಗಾಗಿ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಭಾರದ ವ್ಯಾಯಾಮ ಮತ್ತು ಪ್ರೋಟೀನ್ ಬೇರೆಯವರಿಗಿಂತ ಜಾಸ್ತಿ ಬೇಕು. ಐದಾರು ಕಿಲೋ ಇಳಿಸಬೇಕಾದವರಿಗೆ ಇದು ಹೇಳಿ ಮಾಡಿಸಿದ್ದಲ್ಲ. ತೂಕ ಬಹಳ ಹೆಚ್ಚಿದ್ದು, ಜೊತೆಗೆ ಶುಗರ್, ಬಿಪಿ ಇರುವವರು ವೈದ್ಯರ ಜೊತೆ ಕೂತು ಮಾತಾಡಬೇಕಾದ ಆಯ್ಕೆ. ಅಂಗಡಿಯಿಂದಲೋ ಗೆಳೆಯರಿಂದಲೋ ತಂದು ಚುಚ್ಚಿಕೊಳ್ಳುವಂಥದ್ದಲ್ಲ.

ಯಾರು ಏನು ಆರಿಸಿಕೊಳ್ಳಬಹುದು

ಹಣವೂ ಕಡಿಮೆ, ಸಮಯವೂ ಕಡಿಮೆ ಅಂದರೆ ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ ಬಿರುಸಿನ ನಡಿಗೆ, ವಾರಕ್ಕೆರಡು ಸಲ ಮನೆಯಲ್ಲೇ ಅರ್ಧ ಗಂಟೆ ಬ್ಯಾಂಡ್ ಮತ್ತು ಮೈಭಾರದ ವ್ಯಾಯಾಮ, ರಾತ್ರಿ ಬೇಗ ಊಟ ಮುಗಿಸುವ ನಿಯಮ. ನನ್ನನ್ನು ಒಂದೇ ಶಿಫಾರಸು ಮಾಡಿ ಎಂದರೆ ಇದನ್ನೇ ಮಾಡುತ್ತೇನೆ. ಹೆಚ್ಚಿನವರಿಗೆ ಇಷ್ಟು ಸಾಕು.

ಶುಗರ್ ಗಡಿಯಲ್ಲಿದೆ ಎಂದು ವೈದ್ಯರು ಹೇಳಿದ್ದರೆ ಧೈರ್ಯ ಕೊಡುವ ಒಂದು ಮಾಹಿತಿ ಇದೆ. ಅಮೆರಿಕದಲ್ಲಿ ಇಂಥ 3,234 ಜನರ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 7ರಷ್ಟು ತೂಕ ಇಳಿಸುವುದು ಮತ್ತು ವಾರಕ್ಕೆ 150 ನಿಮಿಷದ ವ್ಯಾಯಾಮ ಗುರಿಯಾಗಿತ್ತು. ಆ ಗುಂಪಿನಲ್ಲಿ ಮಧುಮೇಹಕ್ಕೆ ಜಾರುವವರ ಪ್ರಮಾಣ ಶೇ 58ರಷ್ಟು ತಗ್ಗಿತು. ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆಯಿಂದ ತಗ್ಗಿದ್ದು ಶೇ 31. ಇಂಥವರು ಪಿಷ್ಟ ಕಡಿಮೆ ಮಾಡುವ ಊಟ, ಊಟದ ನಂತರ ಸಣ್ಣ ನಡಿಗೆ, ಭಾರದ ವ್ಯಾಯಾಮ, ಈ ಮೂರನ್ನು ಹಿಡಿಯಲಿ.

ಮಂಡಿ ನೋವಿನ ಜೊತೆ ತೂಕವೂ ಜಾಸ್ತಿ ಇದ್ದರೆ ಊಟದಿಂದ ಶುರು ಮಾಡಿ, ಸೈಕಲ್ ಅಥವಾ ಈಜನ್ನು ಸೇರಿಸಿ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ನೋವು ಕಡಿಮೆಯಾಗುತ್ತದೆ, ಆದ್ದರಿಂದ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮವನ್ನು ನೋವಿಲ್ಲದ ಮಿತಿಯಲ್ಲಿ ಮಾಡಿ. ಓಟದ ಆಸೆ ಇದ್ದರೆ ಆಮೇಲೆ ನೋಡೋಣ.

ತೂಕ ಸರಿಯೇ ಇದೆ, ಹೊಟ್ಟೆ ಮಾತ್ರ ಮುಂದೆ ಬಂದಿದೆ, ಕೈಕಾಲು ಸಣ್ಣ. ಇಂಥವರು ಬಹಳ ಜನ. ಇವರು ಊಟ ಕಡಿಮೆ ಮಾಡಿ ಬರೀ ವಾಕಿಂಗ್ ಮಾಡಿದರೆ ಕೈಕಾಲು ಇನ್ನೂ ಸಣ್ಣಗಾಗುತ್ತದೆ. ಇವರಿಗೆ ವಾರಕ್ಕೆ ಮೂರು ದಿನ ಭಾರ, ಜೊತೆಗೆ ಸಾಕಷ್ಟು ಪ್ರೋಟೀನ್. ತೂಕ ಇಳಿಯದೆ ಇರಬಹುದು, ಸೊಂಟ ಇಳಿಯುತ್ತದೆ. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬು ಮಾತ್ರ ಕರಗುತ್ತದೆ ಎಂಬುದು ಆಗದ ಮಾತು.

ಮುಟ್ಟು ನಿಲ್ಲುವ ಹಂತದಲ್ಲಿರುವ ಹೆಂಗಸರಿಗೂ ಭಾರದ ವ್ಯಾಯಾಮವೇ ಮೊದಲು, ಮೂಳೆಯ ಕಾರಣಕ್ಕೆ. ಹಣ ಇದೆ ಆದರೆ ಒಬ್ಬರೇ ಮಾಡಲು ಮನಸ್ಸು ಬರುವುದಿಲ್ಲ ಎನ್ನುವವರು ಆ ಹಣವನ್ನು ದುಬಾರಿ ಯಂತ್ರಕ್ಕೆ ಹಾಕದೆ ತರಬೇತುದಾರರಿಗೋ ಗುಂಪಿನ ತರಗತಿಗೋ ಹಾಕಲಿ. ಮನೆಯಲ್ಲಿ ಕೊಂಡ ಟ್ರೆಡ್‌ಮಿಲ್ ಬಟ್ಟೆ ಒಣಗಿಸಲು ಬಳಕೆಯಾಗುವುದನ್ನು ನೀವೂ ನೋಡಿರುತ್ತೀರಿ ಅಲ್ವಾ?

ಎದೆನೋವು, ನಡೆದರೆ ವಿಪರೀತ ಏದುಸಿರು, ತಲೆಸುತ್ತು ಇದ್ದವರು, ಹೃದಯದ ಕಾಯಿಲೆ, ಮಧುಮೇಹ, ಹತೋಟಿಗೆ ಬಾರದ ಬಿಪಿ ಇದ್ದವರು ಜೋರಾದ ವ್ಯಾಯಾಮಕ್ಕೆ ಮೊದಲು ವೈದ್ಯರನ್ನು ಕಾಣಲೇಬೇಕು.

ಮೂರು ತಿಂಗಳ ನಂತರ

ಆರಿಸಿದ್ದನ್ನು ಮೂರು ತಿಂಗಳು ಬದಲಿಸಬೇಡಿ. ವಾರಕ್ಕೊಮ್ಮೆ ತೂಕ, ಎರಡು ವಾರಕ್ಕೊಮ್ಮೆ ಸೊಂಟ, ಜೊತೆಗೆ ಎಷ್ಟು ಭಾರ ಎತ್ತಿದಿರಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ತೂಕ ಇಳಿಯದೆ ಸೊಂಟ ಇಳಿದಿದ್ದರೆ ಎಲ್ಲ ಸರಿಯಾಗಿದೆ, ಹಾಗೇ ಮುಂದುವರಿಸಿ. ತೂಕ ಇಳಿದು, ಎತ್ತುವ ಭಾರವೂ ಇಳಿಯುತ್ತಿದ್ದರೆ ಊಟವನ್ನು ಅತಿಯಾಗಿ ಕಡಿಮೆ ಮಾಡಿದ್ದೀರಿ, ಪ್ರೋಟೀನ್ ಮತ್ತು ನಿದ್ದೆಯನ್ನು ನೋಡಿ. ತೂಕ, ಸೊಂಟ ಎರಡೂ ಅಲುಗಾಡದಿದ್ದರೆ ವ್ಯಾಯಾಮ ಹೆಚ್ಚಿಸಲು ಹೋಗಬೇಡಿ, ಊಟದ ಕಡೆ ಬನ್ನಿ. ಒಂದು ವಾರ ಬಾಯಿಗೆ ಹಾಕಿಕೊಂಡಿದ್ದೆಲ್ಲವನ್ನೂ ಬರೆಯಿರಿ, ಕುಡಿದದ್ದನ್ನೂ ಸೇರಿಸಿ. ಮದ್ಯದ ಒಂದು ಗ್ರಾಂ ಆಲ್ಕೊಹಾಲ್‌ನಲ್ಲಿ 7 ಕ್ಯಾಲೊರಿ ಇದೆ, ಸಕ್ಕರೆಯಲ್ಲಿ 4. ಅಲ್ಲೂ ಏನೂ ಸಿಗದೆ ತೂಕ ಏರುತ್ತಲೇ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಜೋರಾಗಿ ಗೊರಕೆ, ಹಗಲೆಲ್ಲ ತೂಕಡಿಕೆ ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆಯೇ ಎಂದು ಕೇಳಿ. ನೀವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನೂ ವೈದ್ಯರಿಗೆ ತೋರಿಸಿ. ಸ್ಟೆರಾಯ್ಡ್, ಮನೋರೋಗದ ಕೆಲವು ಔಷಧ, ಇನ್ಸುಲಿನ್ ಇವೆಲ್ಲ ತೂಕ ಏರಿಸುತ್ತವೆ. ಅವನ್ನು ನೀವಾಗಿಯೇ ನಿಲ್ಲಿಸಬೇಡಿ, ಬದಲಿ ಇದೆಯೇ ಎಂದು ವೈದ್ಯರನ್ನೇ ಕೇಳಿ.